ಎರಡನೇ ಸಲ ಕೇಳದ ಸರೋಜಕ್ಕ

ಸರೋಜಕ್ಕ ಯಾರನ್ನೂ ಏನನ್ನೂ ಎರಡನೇ ಸಲ ಕೇಳುತ್ತಿರಲಿಲ್ಲ. ಇದನ್ನು ತಿಳಿಯದೆ ಅವರ ಮನೆಗೆ ಊಟಕ್ಕೆ ಹೋದವರು ಹಸಿದುಕೊಂಡು ಬರಬೇಕಾಗುತ್ತಿತ್ತು. ಹೋಳಿಗೆಯ ತಟ್ಟೆ ಹಿಡಿದು ಬಂದು "ಬೇಕೇನ್ರಿ?" ಅನ್ನುವರು. ನೀವು ಬಾಯಿಮಾತಿಗೆ "ಅಯ್ಯೋ, ಬೇಡ ಬೇಡ" ಎಂದಿರೋ, "ಆತ್ರಿ" ಎಂದು ಪಕ್ಕದವರ ಮುಂದೆ ನಿಂತಿರುವರು. ಒಂದು ಯುಗಾದಿಯ ದಿನ ನ್ಯೂಯಾರ್ಕಿನಿಂದ ಬಂದಿದ್ದ ಡಾಕ್ಟರೊಬ್ಬರು ಹಾಗೆಯೇ "ಬೇಡ" ಎಂದು ತಟ್ಟೆಗೆ ಕೈ ಅಡ್ಡ ಹಿಡಿದು, ಒತ್ತಾಯವನ್ನು ನಿರೀಕ್ಷಿಸುತ್ತ ನಗುಮುಖ ಮಾಡಿಕೊಂಡು ಕೂತರು. ಅಡ್ಡ ಹಿಡಿದ ಕೈ ಹಾಗೆಯೇ ಇತ್ತು; ಹೋಳಿಗೆ ಆಗಲೇ ಸೋಫಾದ ಆ ತುದಿಗೆ ಹೋಗಿತ್ತು. ಹೊರಡುವಾಗ ಅವರ ಹೆಂಡತಿ ಅಡುಗೆಮನೆಗೆ ಬಂದು, ದನಿ ತಗ್ಗಿಸಿ, ಎರಡು ಹೋಳಿಗೆ ಕಟ್ಟಿಸಿಕೊಂಡು ಹೋದರು.

ಸರೋಜಕ್ಕ ಬಾಗಲಕೋಟೆ ಕಡೆಯವರು. ಆ ಕಡೆಯವರು ಒತ್ತಾಯ ಮಾಡಿ ಬಡಿಸುವುದರಲ್ಲಿ ಹೆಸರಾದವರಲ್ಲವೇ, ನೀವೊಬ್ಬರು ಹೇಗೆ ತಪ್ಪಿಸಿಕೊಂಡಿರಿ ಎಂದು ನಾನು ಕೆಣಕುತ್ತಿದ್ದೆ. "ಇಪ್ಪತ್ತು ವರ್ಷ ವೇರ್‌ಹೌಸಿನ್ಯಾಗ ದುಡಿದೀನಿ ತಂಗಿ. ಅಲ್ಲಿ ಎರಡೆರಡು ಸಲ ಕೇಳ್ಕೋಂತ ಕುಂತ್ರ ಟ್ರಕ್ ಹೋಗೇ ಬಿಡ್ತೈತಿ" ಅನ್ನುತ್ತಿದ್ದರು. ಇಲ್ಲಿ ನ್ಯೂಜೆರ್ಸಿಯ ಕ್ರ್ಯಾನ್‌ಬರಿಯ ವೇರ್‌ಹೌಸೊಂದರಲ್ಲಿ ಡಬ್ಬ ಕಟ್ಟುವ ಕೆಲಸಕ್ಕೆ ಸೇರಿ, ಒಂದು ಇಡೀ ಶಿಫ್ಟನ್ನು ನಡೆಸುವ ತನಕ ಬೆಳೆದು, ನಿವೃತ್ತರಾಗಿದ್ದರು. ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು. ಮಗ ಮಂಜು ಹೋಬೋಕನ್ನಿನಲ್ಲಿದ್ದ. ಭಾನುವಾರಗಳಂದು ಬಂದು, ತಾಯಿಯ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು, ಹೊಟ್ಟೆ ತುಂಬ ಉಂಡು ಹೋಗುತ್ತಿದ್ದ. ಅವನು ಮಾತ್ರ ಒಂದು ಸಲವೂ "ಬೇಡ" ಎಂದದ್ದನ್ನು ನಾನು ಕೇಳಿಲ್ಲ.

ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಬಿಲ್ಡಿಂಗಿನಲ್ಲಿ, ಎರಡನೇ ಮಹಡಿಯಲ್ಲಿ ಅವರ ಮನೆ. ಸಂಜೆ ವಾಕಿಂಗಿಗೆ ಹೊರಟರೆ ಸೀರೆಯ ಮೇಲೆ ವೇರ್‌ಹೌಸಿನ ಕಿತ್ತಳೆ ಬಣ್ಣದ ವೆಸ್ಟ್ ತೊಟ್ಟಿರುತ್ತಿದ್ದರು. ಕಾರಿನವರಿಗೆ ಕಾಣಲಿ ಅಂತ. ಕಾಣದೆ ಇರುವುದು ಸಾಧ್ಯವೇ ಇರಲಿಲ್ಲ. ಶನಿವಾರ ಬೆಳಿಗ್ಗೆ ಅವರು ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯ ಅಮೆರಿಕನ್ ಮುದುಕ ಬಾಡಿಗೆ ನೋಡಿಕೊಳ್ಳುವ ಲೀಸಿಂಗ್ ಆಫೀಸಿಗೆ ದೂರು ಕೊಟ್ಟಿದ್ದನಂತೆ. ಇವರು ಬಿಸಿ ರೊಟ್ಟಿ, ಬೆಣ್ಣೆ, ಶೇಂಗಾ ಚಟ್ನಿ ಹಿಡಿದು ಇಳಿದು ಹೋಗಿ, ಬೇಕೇ ಎಂದು ಒಂದೇ ಒಂದು ಸಲ ಕೇಳಿದರು. ಪುಣ್ಯಾತ್ಮ ಬೇಕು ಅಂದ. ಮುಂದಿನ ಶನಿವಾರದಿಂದ ಸದ್ದು ಶುರುವಾದ ಕೂಡಲೇ ಅವನೇ ಮೇಲೆ ಬರತೊಡಗಿದ.

ಇನ್ನು ನಾನು ಮೈಸೂರಿನವಳು. ನಮ್ಮಮ್ಮ ನನ್ನನ್ನು ಬೆಳೆಸಿದ ರೀತಿ ಬೇರೆ. ಯಾರ ಮನೆಯಲ್ಲೇ ಆಗಲಿ, ತಿಂಡಿ ಕೊಟ್ಟರೆ ಮೊದಲ ಸಲ ಬೇಡ ಅನ್ನಬೇಕು, ಎರಡನೇ ಸಲ ಅಮ್ಮನ ಮುಖ ನೋಡಬೇಕು, ಮೂರನೇ ಸಲಕ್ಕೆ ಒಂದೇ ಒಂದು ತೆಗೆದುಕೊಳ್ಳಬೇಕು. ಒಂದು ದಿನ ಎದುರುಮನೆಯವರು ಕೋಡುಬಳೆ ಕೊಡಲು ಬಂದಾಗ ಮೊದಲನೇ ಸಲಕ್ಕೇ "ಕೊಡಿ" ಎಂದು ಕೈ ಚಾಚಿದ್ದಕ್ಕೆ ತೊಡೆಯ ಮೇಲೆ ಬಿದ್ದ ಚಿವುಟು ನಲವತ್ತು ದಾಟಿದರೂ ನೆನಪಿದೆ. ಆಸೆ ತೋರಿಸಬಾರದು, ಮೇಲೆ ಬಿದ್ದು ಕೇಳಬಾರದು, ಅದು ಮರ್ಯಾದಸ್ಥರ ಲಕ್ಷಣವಲ್ಲ. ಈ ಸಂಸ್ಕಾರವನ್ನು ನಾನು ಬಲು ಜೋಪಾನವಾಗಿ ನ್ಯೂಜೆರ್ಸಿಯ ತನಕ ತಂದಿದ್ದೆ.

ಔಷಧ ಕಂಪನಿಯೊಂದರಲ್ಲಿ ರೋಗಿಗಳ ಪರೀಕ್ಷಾ ದಾಖಲೆಗಳನ್ನು ತಾಳೆ ನೋಡುವುದು ನನ್ನ ಕೆಲಸವಾಗಿತ್ತು. ಹನ್ನೊಂದು ವರ್ಷ ಮಾಡಿದ್ದೆ. ಒಂದು ಫೆಬ್ರವರಿಯ ಮಂಗಳವಾರ ಹದಿನೈದು ನಿಮಿಷದ ವಿಡಿಯೋ ಕರೆಯಲ್ಲಿ ಅದು ಮುಗಿಯಿತು. ಹೊಸದೊಂದು ಎರಡು ತಿಂಗಳಲ್ಲಿ ಸಿಗುತ್ತದೆ ಎಂದುಕೊಂಡಿದ್ದೆ. ಹದಿನಾಲ್ಕು ತಿಂಗಳು ಹಿಡಿಯಿತು.

ಬೇಡ ಅನ್ನುವುದರಲ್ಲಿ ಎಷ್ಟು ಬಗೆಗಳಿವೆ ಎಂದು ಆಗ ಕಲಿತೆ. ಅರ್ಜಿ ಹಾಕಿದ ನಾಲ್ಕೇ ನಿಮಿಷಕ್ಕೆ ಬೇಡ ಎಂದು ಬಂದದ್ದಿದೆ. ಅಷ್ಟರಲ್ಲಿ ನನ್ನ ಕಾಫಿಯ ಡಿಕಾಕ್ಷನ್ ಕೂಡ ಇಳಿದಿರಲಿಲ್ಲ. ನಾಲ್ಕು ಸುತ್ತು ಮಾತಾಡಿಸಿ ಆಮೇಲೆ ಸುದ್ದಿಯೇ ಇಲ್ಲದವರಿದ್ದರು. ನಿಮ್ಮ ಅನುಭವ ನೋಡಿ ಬೆರಗಾದೆವು ಎಂದು ಶುರುಮಾಡಿ ಮೂರನೇ ಸಾಲಿಗೆ ಕೈಬಿಟ್ಟವರಿದ್ದರು. ಕೊನೆಕೊನೆಗೆ ನಾನು ಮೇಲ್ ಓದುವುದನ್ನೇ ಬಿಟ್ಟು, "ಅನ್‌ಫಾರ್ಚುನೇಟ್ಲಿ" ಅನ್ನುವ ಪದ ಎಲ್ಲಿದೆ ಎಂದಷ್ಟೇ ಹುಡುಕುತ್ತಿದ್ದೆ. ಗಂಡ ರವಿ ಮ್ಯಾನ್‌ಹ್ಯಾಟನ್ನಿಗೆ ಕೆಲಸಕ್ಕೆ ಹೋಗಿಬರುತ್ತಿದ್ದವನು ಸಂಜೆ ಬಂದು "ಆಗತ್ತೆ ಬಿಡು" ಅನ್ನುವನು. ಮಗಳು ಮೊದಮೊದಲು "ಎನಿ ಲಕ್, ಅಮ್ಮ?" ಎಂದು ಕೇಳುತ್ತಿದ್ದಳು; ಆಮೇಲೆ ಕೇಳುವುದನ್ನು ನಿಲ್ಲಿಸಿದಳು. ಅವಳು ನಿಲ್ಲಿಸಿದ್ದೇ ನನಗೆ ಹೆಚ್ಚು ನೋವು ತಂದಿತು. ನಾನು ಯಾವುದಕ್ಕೂ ಬೇಡವಾದವಳು ಎಂದು ಒಳಗೊಳಗೇ ನಂಬತೊಡಗಿದ್ದೆ.

ಆ ದಿನಗಳಲ್ಲಿ ನಾನು ದಿನಾ ಮಧ್ಯಾಹ್ನ ಹತ್ತುತ್ತಿದ್ದದ್ದು ಸರೋಜಕ್ಕನ ಮನೆಯ ಮೆಟ್ಟಿಲು. ಅವರು ಎಲ್ಲ ಒಳ್ಳೆಯದಕ್ಕೇ ಅನ್ನುತ್ತಿರಲಿಲ್ಲ, ದೇವರು ಒಂದು ಬಾಗಿಲು ಮುಚ್ಚಿದರೆ ಎಂದು ಶುರುಮಾಡುತ್ತಿರಲಿಲ್ಲ. "ಇವತ್ತ ಎಷ್ಟು ಬ್ಯಾಡ ಬಂದುವು?" ಎಂದು, ಟಪಾಲು ಬಂತೇ ಎಂದು ಕೇಳುವ ದನಿಯಲ್ಲಿ ಕೇಳುವರು. "ಎರಡು." "ಆತು, ಈ ಬಳ್ಳೊಳ್ಳಿ ಸುಲಿ." ಬೆಳ್ಳುಳ್ಳಿ ಇಲ್ಲದ ದಿನ ಶೇಂಗಾದ ಸಿಪ್ಪೆ, ಅದೂ ಇಲ್ಲದಿದ್ದರೆ ತೊಗರಿಬೇಳೆಯಲ್ಲಿ ಇಲ್ಲದ ಕಲ್ಲು ಆರಿಸುವುದು. ಪ್ಯಾಕೆಟ್ಟಿನ ಬೇಳೆಯಲ್ಲಿ ಕಲ್ಲೆಲ್ಲಿರುತ್ತದೆ ಅಕ್ಕ ಎಂದರೆ, "ಇಲ್ಲಾಂದ್ರ ಚಲೋ ಆತು. ನೋಡಿ ಹೇಳು" ಅನ್ನುವರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಎದೆ ಸ್ವಲ್ಪ ಹಗುರಾಗಿರುತ್ತಿತ್ತು.

ಅಕ್ಟೋಬರಿನಲ್ಲಿ ಕ್ರ್ಯಾನ್‌ಬರಿಯ ಚಿಕ್ಕದೊಂದು ಕಂಪನಿಯಲ್ಲಿ ಕೊನೆಯ ಸುತ್ತಿನ ತನಕ ಹೋದೆ. ನನಗೆ ಹೇಳಿ ಮಾಡಿಸಿದಂಥ ಕೆಲಸ. ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ. ಸಂದರ್ಶನದ ದಿನವೇ ನಮ್ಮ ಮನೆಗೆ ಕಾರ್ಪೆಟ್ ಬದಲಿಸುವವರು ಬಂದು ಕೂತಿದ್ದರಿಂದ ಲ್ಯಾಪ್‌ಟಾಪ್ ಎತ್ತಿಕೊಂಡು ಸರೋಜಕ್ಕನ ಊಟದ ಮೇಜಿಗೆ ಹೋದೆ. ಅವರು ಅಡುಗೆಮನೆಯಲ್ಲಿ ಸದ್ದಿಲ್ಲದೆ ಕೂತರು. ಲಿಂಡಾ ಎಂಬ ಮ್ಯಾನೇಜರ್ ಮುಕ್ಕಾಲು ಗಂಟೆ ಚೆನ್ನಾಗಿ ಮಾತಾಡಿಸಿದಳು. ಕೊನೆಗೆ, ಈ ಕೆಲಸ ನಿನಗೆ ಇಷ್ಟವೇ, ಬರುತ್ತೀಯಾ ಎಂದು ಕೇಳಿದಳು. ನಾನು ಇಂಗ್ಲಿಷಿನಲ್ಲಿ, ಅತ್ಯಂತ ವಿನಯದಿಂದ, "ನಾನು ಸರಿಹೊಂದುತ್ತೇನೆ ಅಂತ ನಿಮಗೆ ಅನ್ನಿಸಿದರೆ ಸಂತೋಷ. ನನಗಿಂತ ಅನುಭವ ಇರುವವರು ಸಿಕ್ಕರೂ ಖಂಡಿತ ಪರವಾಗಿಲ್ಲ, ನನಗೆ ಬೇಜಾರಿಲ್ಲ" ಎಂದೆ. ಬಹಳ ಚೆನ್ನಾಗಿ ಉತ್ತರ ಕೊಟ್ಟೆ ಅನ್ನಿಸಿತು.

ಲ್ಯಾಪ್‌ಟಾಪ್ ಮುಚ್ಚಿದಾಗ ಸರೋಜಕ್ಕ ಬಾಗಿಲಲ್ಲಿ ನಿಂತಿದ್ದರು.

"ಬ್ಯಾಡ ಅಂದ್ಯಲ್ಲ ತಂಗಿ?"

"ಎಲ್ಲಿ ಅಂದೆ ಅಕ್ಕ? ಸಂತೋಷ ಅಂತಂದೆ."

"ನಾ ಇಲ್ಲೇ ಕುಂತಿದ್ದೆ. ಆಕಿ ಬೇಕೇನ ಅಂತ ಕೇಳಿದ್ಳು. ನೀ ಬ್ಯಾರೆದವ್ರಿಗೆ ಕೊಡ್ರಿ, ನಂದೇನ್ ತಕರಾರಿಲ್ಲ ಅಂದಿ."

"ಅದು ಸುಮ್ನೆ ಮರ್ಯಾದೆಗೆ ಹೇಳೋ ಮಾತು ಅಕ್ಕ. ಅವರಿಗೆ ಅರ್ಥ ಆಗತ್ತೆ."

"ಆಕಿ ಏನ್ ನಿಮ್ಮ ಮೈಸೂರಾಕೀನಾ?"

ಆಮೇಲೆ ಕೂತು ತಮ್ಮ ವೇರ್‌ಹೌಸಿನ ಮಾತು ಹೇಳಿದರು. ಹಬ್ಬದ ಸೀಜನ್ನಿಗೆ ಹೆಚ್ಚಿನ ಜನ ಬೇಕಾದಾಗ ಆರಿಸುವವರು ಇವರೇ. "ಸಾಲಾಗಿ ನಿಂತಿರ್ತಿದ್ರು. ನಾ ಒಂದ ಮಾತು ಕೇಳ್ತಿದ್ದೆ, ಡು ಯೂ ವಾಂಟ್ ಇಟ್ ಅಂತ. ಯೆಸ್ ಅಂದವ್ರನ್ನ ಒಳಗ ಕರೀತಿದ್ದೆ. ನೋಡೂನು ಅಂದವ್ರು ಮೂರನೇ ದಿನ ಬರ್ತಿದ್ದಿಲ್ಲ. ಬೇಕು ಅನ್ನಾಕ ಏನ್ ನಾಚಿಕಿ? ಕಳವು ಮಾಡಾಕತ್ತೀ ಏನ್?" ನಾಲ್ಕನೇ ದಿನ ಲಿಂಡಾಳ ಮೇಲ್ ಬಂತು. ಆ ಕೆಲಸಕ್ಕೆ ಹೆಚ್ಚು ಉತ್ಸಾಹ ತೋರಿದ ಒಬ್ಬರನ್ನು ಆರಿಸಿದ್ದೇವೆ ಎಂದಿತ್ತು.

ಅಂದಿನಿಂದ ನನಗೆ ಪಾಠ ಶುರುವಾಯಿತು. ಅವರ ಮನೆಯಲ್ಲಿ ಇನ್ನೊಂದು ರೊಟ್ಟಿ ಬೇಕೆಂದರೆ ನಾನು ತಲೆ ಎತ್ತಿ, ಅವರ ಕಣ್ಣು ನೋಡಿ, "ಬೇಕು" ಅನ್ನಬೇಕು. "ಅರ್ಧ ಸಾಕು" ಎಂದರೆ ಅದೂ ಇಲ್ಲ. ಮೊದಲ ವಾರ ನಿಜಕ್ಕೂ ಅರೆಹೊಟ್ಟೆಯಲ್ಲಿ ಎದ್ದು ಬಂದೆ. ನಾಲಿಗೆ ಹೊರಳುತ್ತಲೇ ಇರಲಿಲ್ಲ. ಆಮೇಲೆ ರೂಢಿಯಾಯಿತು. ಸ್ವಲ್ಪ ಹೆಚ್ಚೇ ರೂಢಿಯಾಯಿತು ಅನ್ನಬೇಕು.

ಜನವರಿಯಲ್ಲಿ ಹೋಬೋಕನ್ನಿನ ಒಂದು ಆಫೀಸಿನವರು ಖುದ್ದಾಗಿ ಬರಲು ಹೇಳಿದರು. ನದಿ ಕಾಣುವ ಗಾಜಿನ ಕೋಣೆ. ಸಂದರ್ಶನ ಮಾಡುವ ಹುಡುಗನಿಗೆ ಮೂವತ್ತು ಕೂಡ ಆಗಿರಲಾರದು. ಅವನು ಹೇಗಿತ್ತು ಪ್ರಯಾಣ ಎಂದು ಕೇಳಿದ. ನಾನು ಈ ಕೆಲಸ ನನಗೆ ಬೇಕು ಎಂದೆ. ನೀರು ಬೇಕೇ ಎಂದ. ಬೇಕು, ಕೆಲಸವೂ ಬೇಕು ಎಂದೆ. ಮೂರನೇ ಸಲ ಹೇಳುವಾಗ ಮೇಜಿನ ಮೇಲೆ ಮುಂದಕ್ಕೆ ಬಾಗಿದ್ದೆ, ಅವನು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡ. ವಾಪಸು ಬರುವಾಗ ರೈಲು ಬದಲಿಸಲು ಸಿಕಾಕಸ್‌ನಲ್ಲಿ ಇಳಿದರೆ, ಅಲ್ಲೇ ಫೋನಿನಲ್ಲಿ "ಅನ್‌ಫಾರ್ಚುನೇಟ್ಲಿ" ಕಾದಿತ್ತು.

ಪ್ಲೇನ್ಸ್‌ಬರೋಗೆ ಬಂದವಳು ಮನೆಗೆ ಹೋಗಲಿಲ್ಲ. ಹಿಮ ಮೆತ್ತಿದ ಬೂಟುಗಳಲ್ಲೇ ಸರೋಜಕ್ಕನ ಮನೆಯೊಳಕ್ಕೆ ನುಗ್ಗಿದೆ. "ನಿಮ್ಮ ಮಾತು ಕೇಳಿ ಭಿಕ್ಷುಕಿ ಥರ ಆಡಿ ಬಂದೆ. ನಿಮ್ಮ ವೇರ್‌ಹೌಸಿನ ಬುದ್ಧಿ ನಿಮ್ಮ ಹತ್ರಾನೇ ಇರಲಿ. ಡಬ್ಬ ಎತ್ತೋ ಕೆಲಸಕ್ಕೆ ಸರಿ ಅದು" ಎಂದೆ. ಹೇಳುತ್ತಿದ್ದಂತೆಯೇ ಹೇಳಬಾರದಿತ್ತು ಎಂದು ಗೊತ್ತಾಯಿತು. ನಾನು ಮೆಟ್ಟಿಲಿಳಿಯುವಾಗ ಅವರು ಕಾರ್ಪೆಟ್ಟಿನ ಮೇಲಿನ ನನ್ನ ಬೂಟಿನ ಗುರುತುಗಳನ್ನು ಬಗ್ಗಿ ಒರೆಸುತ್ತಿದ್ದರು.

ಹತ್ತು ದಿನ ಆ ಕಡೆ ತಲೆಹಾಕಲಿಲ್ಲ. ಅರ್ಜಿ ಹಾಕುವುದನ್ನೂ ಬಿಟ್ಟೆ. ನಾಚಿಕೆಯಾಗಿತ್ತು, ಹೋಗಿ ತಪ್ಪಾಯಿತು ಅನ್ನಲು ಧೈರ್ಯವಿರಲಿಲ್ಲ. ಹನ್ನೊಂದನೇ ದಿನ ಅವರೇ ಬಂದು ಬಾಗಿಲು ತಟ್ಟಿದರು. ನಾನು ಹಾಸಿಗೆಯಲ್ಲಿ ಮುಸುಕೆಳೆದುಕೊಂಡೆ. ಅವತ್ತು ಮನೆಯಿಂದಲೇ ಕೆಲಸ ಮಾಡುತ್ತಿದ್ದ ರವಿ, ಮಲಗಿದ್ದಾಳೆ ಎಂದು ಹೇಳಿ ಕಳಿಸಿದ. ಮರುದಿನ ಅದೇ ಹೊತ್ತಿಗೆ ಮತ್ತೆ ಬಾಗಿಲ ಸದ್ದು. ನೋಡಿದರೆ ಕಿತ್ತಳೆ ವೆಸ್ಟ್. ಎರಡನೇ ಸಲ ಹೋಳಿಗೆ ಬೇಕೇ ಎಂದೂ ಕೇಳದ ಹೆಂಗಸು ಎರಡನೇ ಸಲ ನನ್ನ ಬಾಗಿಲಿಗೆ ಬಂದಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

"ಅಕ್ಕ, ನಾನು ಅವತ್ತು ಏನೇನೋ ಅಂದೆ..."

"ಬಿಡು. ತಪ್ಪು ನಂದೂ ಐತಿ" ಎಂದು ಸೋಫಾದ ಮೇಲೆ ಕೂತರು. "ಒಂದ ಮಾತು ಹೇಳ್ತೀನಿ, ನನ್ನ ಮಗಗೂ ಹೇಳಿಲ್ಲ. ನಾ ಊರಾಗ ಸಾಲಿ ಟೀಚರ್ ಇದ್ದೆ, ಗಣಿತ ಕಲಸ್ತಿದ್ದೆ. ಇಲ್ಲಿಗೆ ಬಂದ ಮ್ಯಾಲ ಒಂದ ಸಾಲ್ಯಾಗ ಹೋಗಿ ಕೇಳಿದೆ. ನಿನ್ನ ಸರ್ಟಿಫಿಕೇಟ್ ಇಲ್ಲಿ ನಡಿಯೂದಿಲ್ಲ, ಇಂಥಾ ಕೋರ್ಸ್ ಮಾಡ್ಕೊಂಡು ಬಾ ಅಂದ್ರು. ನಾ ಬ್ಯಾಡ ಅಂದ್ರು ಅಂತ ತಿಳ್ಕೊಂಡು ಹೊಳ್ಳಿ ಬಂದೆ. ಮರುವಾರ ವೇರ್‌ಹೌಸಿಗೆ ಹೋದೆ. ಅವರು ಬಾ ಅಂದಿದ್ರು ತಂಗಿ. ಕೋರ್ಸ್ ಮಾಡ್ಕೊಂಡು ಬಾ ಅಂದಿದ್ರು. ನನಗ ಬ್ಯಾಡ ಒಂದ ಕೇಳಿಸ್ತು."

ಇಪ್ಪತ್ತು ವರ್ಷದ ವೇರ್‌ಹೌಸಿನ ಬಗ್ಗೆ ಅವರು ಹೆಮ್ಮೆಯಿಂದಲೇ ಮಾತಾಡುತ್ತಿದ್ದರು. ಆ ಹೆಮ್ಮೆ ಸುಳ್ಳಲ್ಲ. ಆದರೆ ಗಣಿತದ ಮಾತು ಎತ್ತಿದಾಗ ಅವರ ಮುಖ ಬೇರೆಯೇ ಆಗಿತ್ತು.

"ಊಟದಾಗ ಒಮ್ಮೆ ಕೇಳಿದ್ರ ಸಾಕು. ಕೆಲಸದಾಗ ಸಾಲೂದಿಲ್ಲ" ಎಂದರು. "ಇಷ್ಟೂ ಮಂದಿಯೊಳಗ ನಿನಗ ಖರೇವಂದ್ರ ಬೇಕಾಗಿದ್ದು ಯಾವ ಕೆಲಸ?"

"ಲಿಂಡಾದು" ಎಂದೆ. ಯೋಚಿಸಬೇಕಾಗಲೇ ಇಲ್ಲ.

"ಆಕಿಗೆ ಮತ್ತ ಬರಿ."

"ಬೇಡ ಅಂದವರಿಗೆ ಮತ್ತೆ ಬರೆಯೋದಾ? ಏನಂದ್ಕೋತಾರೆ ಅಕ್ಕ?"

"ಏನಂದ್ಕೋತಾಳ? ಭಾಳಂದ್ರ ಇನ್ನೊಮ್ಮೆ ಬ್ಯಾಡ ಅಂತಾಳ. ನಿನಗ ಅದೇನ್ ಹೊಸಾದಾ?"

ಇಬ್ಬರಿಗೂ ನಗು ಬಂತು. ಅಲ್ಲೇ ಕೂತು ಐದು ಸಾಲು ಬರೆದೆ. ಅಕ್ಟೋಬರಿನಲ್ಲಿ ನೀವು ಕೇಳಿದಾಗ ನಾನು ಸರಿಯಾಗಿ ಹೇಳಲಿಲ್ಲ. ಆ ಕೆಲಸ ನನಗೆ ಬೇಕಿತ್ತು, ಈಗಲೂ ಬೇಕು. ನಾನು ಅದನ್ನು ಚೆನ್ನಾಗಿ ಮಾಡಬಲ್ಲೆ. ಮುಂದೆ ಅವಕಾಶ ಬಂದರೆ ದಯವಿಟ್ಟು ಕರೆಯಿರಿ. ಐದನೆಯ ಸಾಲು, ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ ಎಂದು. ಓದಿ ಹೇಳು ಎಂದರು, ಹೇಳಿದೆ. "ಕೊನೀದು ತೆಗಿ" ಎಂದರು. ತೆಗೆದೆ. ಕಳಿಸುವ ಗುಂಡಿ ಒತ್ತುವಾಗ ತೊಡೆಯ ಮೇಲೆ ಯಾರೂ ಚಿವುಟಲಿಲ್ಲ.

ಒಂಬತ್ತು ದಿನದ ಮೇಲೆ ಲಿಂಡಾ ಬರೆದಳು. ಅವರು ಆರಿಸಿಕೊಂಡಿದ್ದ ಉತ್ಸಾಹಿಗೆ ಟೆಕ್ಸಸ್ಸಿನಲ್ಲಿ ಬೇರೆ ಕೆಲಸ ಸಿಕ್ಕಿತ್ತು. ನಾನು ಹೋದೆ, ಮಾತಾಡಿದೆ. ಕೊನೆಗೆ ಅವಳು ಅದೇ ಪ್ರಶ್ನೆ ಕೇಳಿದಳು. ಬೇಕು ಎಂದು, ಯಾಕೆ ಬೇಕು ಎಂದು ಎರಡು ಮಾತಿನಲ್ಲಿ ಹೇಳಿ ಸುಮ್ಮನಾದೆ. ಕುರ್ಚಿ ಯಾರದೂ ಹಿಂದೆ ಸರಿಯಲಿಲ್ಲ. ಮರುವಾರ ಇಂಡಿಯನ್ ಅಂಗಡಿಯಲ್ಲಿ ಸೋರೆಕಾಯಿಗೆ ಉಗುರು ಚುಚ್ಚಿ ಎಳೆಯದೋ ಎಂದು ನೋಡುತ್ತಿದ್ದಾಗ ಅವಳ ಫೋನು ಬಂತು. ಕೆಲಸ ನಿನ್ನದು ಎಂದಳು. "ಆರ್ ಯೂ ಶೂರ್?" ಎಂದು ಕೇಳಿಬಿಟ್ಟೆ. ಅವಳು ನಕ್ಕಳು. ಸೋರೆಕಾಯಿಯನ್ನು ಎದೆಗವಚಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಅಂಗಡಿಯವನು ಬಂದು "ಆಂಟೀಜಿ, ಆಲ್ ಓಕೆ?" ಎಂದ. ಹದಿಮೂರು ತಿಂಗಳಲ್ಲಿ ಮೊದಲ ಸಲ ಪೂರ್ತಿ ಉಸಿರು ಬಿಟ್ಟೆ.

ಸುದ್ದಿ ಹೇಳಲು ಓಡಿದರೆ ಸರೋಜಕ್ಕನ ಮನೆಯ ತುಂಬ ಡಬ್ಬಗಳು. ಮಂಡಿನೋವು ಹೆಚ್ಚಾಗಿ, ಹೋಬೋಕನ್ನಿನಲ್ಲಿ ಲಿಫ್ಟ್ ಇರುವ ಮಗನ ಮನೆಗೆ ಹೋಗುವುದೆಂದು ತೀರ್ಮಾನವಾಗಿ ಒಂದು ತಿಂಗಳಾಗಿತ್ತಂತೆ. ನನಗೆ ಹೇಳಿರಲಿಲ್ಲ. "ನಿನ್ನ ತಲ್ಯಾಗ ಇದೊಂದು ಯಾಕ ಅಂತ" ಎಂದರು. ಡಬ್ಬಗಳನ್ನು ಅವರೇ ಕಟ್ಟಿದ್ದರು; ಒಂದೊಂದರ ಮೇಲೂ ಮೂರು ಪಟ್ಟಿ ಟೇಪು, ಒಂದಿಷ್ಟೂ ಸುಕ್ಕಿಲ್ಲ.

"ಅಕ್ಕ, ಕೆಲಸ ಸಿಕ್ತು. ಲಿಂಡಾದು."

ಅವರು ಟೇಪನ್ನು ಕೆಳಗಿಟ್ಟು ಒಂದು ಡಬ್ಬದ ಮೇಲೆ ನಿಧಾನಕ್ಕೆ ಕೂತರು. ಕೂತವರ ಭುಜ ಇಳಿಯಿತು. ಆಮೇಲೆ ಅಳತೊಡಗಿದರು. ಅವರು ಅತ್ತದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಏನಾಯಿತು ಅಕ್ಕ ಎಂದು ಪಕ್ಕದಲ್ಲಿ ಕೂತೆ.

"ನನ್ನ ಮಾತಿನಿಂದ ನಿನಗ ಕೇಡಾತು ಅಂತ ಅಂಜಿದ್ದೆ ತಂಗಿ. ಎರಡ ತಿಂಗಳಾತು, ಹೊಟ್ಯಾಗ ಕಲ್ಲಿಟ್ಟಂಗ ಇತ್ತು. ನೀ ಇನ್ನ ಅರ್ಜಿನ ಹಾಕೂದಿಲ್ಲ, ಹಿಂಗ ಮನ್ಯಾಗ ಕುಂದ್ರತಿ, ಅದಕ್ಕ ನಾನ ಕಾರಣ ಅಂತ. ಇದನ್ನ ಹೊತ್ಕೊಂಡು ಹೆಂಗ ಹೋಗ್ಲಿ ಅಂತ ಚಿಂತಿ ಆಗಿತ್ತು" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಈಗ ಇಳೀತು ನೋಡವಾ."

ನಾನು ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದೆ. ಅವರ ಕೈ ಹಿಡಿದು ಕೂತೆ. ಮಗ ಮಂಜು ಒಳಗಿನಿಂದ ಬಂದು "ಇಸ್ ಎವರಿಥಿಂಗ್ ಆಲ್‌ರೈಟ್?" ಎಂದು ಕೇಳಿದ, ಇಬ್ಬರೂ ಒಟ್ಟಿಗೆ "ಯೆಸ್, ಯೆಸ್" ಎಂದೆವು. ಶನಿವಾರ ಟ್ರಕ್ ಬಂತು. ಕೆಳಗಿನ ಮನೆಯ ಮುದುಕ ಬಾಗಿಲಲ್ಲಿ ನಿಂತು, ಟ್ರಕ್ ರಸ್ತೆ ತಿರುಗುವ ತನಕ ಕೈ ಆಡಿಸಿದ.

ಹಿನ್ನೆಲೆ ಪರಿಶೀಲನೆ, ಕಾಗದಪತ್ರ ಎಲ್ಲ ಮುಗಿದು ನಾನು ಕೆಲಸಕ್ಕೆ ಸೇರಿದ್ದು ಏಪ್ರಿಲಿನಲ್ಲಿ. ಮೊದಲ ದಿನದ ಸಂಜೆ ಕಾರು ನಿಲ್ಲಿಸಿ, ಕುತ್ತಿಗೆಯಲ್ಲಿ ಆಫೀಸಿನ ಕಾರ್ಡು ತೂಗಾಡಿಸಿಕೊಂಡೇ ಪಕ್ಕದ ಬಿಲ್ಡಿಂಗಿನ ಮೆಟ್ಟಿಲು ಹತ್ತಿದೆ. ಅಷ್ಟು ತಿಂಗಳು ಬೇಡಗಳನ್ನು ಮಾತ್ರ ಹೊತ್ತು ಹತ್ತಿದ್ದ ಕಾಲು, ಅವತ್ತು ನನ್ನನ್ನು ಕೇಳದೆಯೇ ಹತ್ತಿಬಿಟ್ಟಿತ್ತು. ಬಾಗಿಲು ತಟ್ಟಿದ ಮೇಲೆ ನೆನಪಾಯಿತು. ವಾಪಸು ಓಡುವಷ್ಟರಲ್ಲಿ ಬಾಗಿಲು ತೆರೆಯಿತು. ಇಪ್ಪತ್ತೈದರ ಒಬ್ಬಳು ಹುಡುಗಿ, ಯಾರೋ ತೆಲುಗಿನವಳಿರಬೇಕು, ಹಿಂದೆ ಬಿಚ್ಚದ ಸೂಟ್‌ಕೇಸುಗಳು. "ಯೆಸ್?" ಅಂದಳು.

ಮನೆ ತಪ್ಪಿತು, ಸಾರಿ ಅನ್ನಬಹುದಿತ್ತು. ಬಾಯಿಗೆ ಬಂದದ್ದು ಅದಲ್ಲ. "ಇವತ್ತು ನನ್ನ ಕೆಲಸದ ಮೊದಲ ದಿನ" ಎಂದುಬಿಟ್ಟೆ, ಇಂಗ್ಲಿಷಿನಲ್ಲಿ. ಅವಳು ನನ್ನ ಕಾರ್ಡು ನೋಡಿದಳು, ಮುಖ ನೋಡಿದಳು. ಏನು ಹೊಳೆಯಿತೋ, "ಕಂಗ್ರಾಜುಲೇಶನ್ಸ್, ಆಂಟಿ!" ಎಂದು ಬಾಯ್ತುಂಬ ನಕ್ಕಳು. ನಾನು ಥ್ಯಾಂಕ್ಸ್ ಹೇಳಿ ಇಳಿದು ಬಂದು, ಕೆಳಗಿನ ಮೆಟ್ಟಿಲ ಮೇಲೆ ಕೂತು ಹೋಬೋಕನ್ನಿಗೆ ಫೋನ್ ಮಾಡಿದೆ.